ಎಡಮಗ್ಗುಲಲ್ಲಿ ಕುಳಿತವಳು

ಹುಬ್ಬಳ್ಳಿಯ ತುರ್ತು ಕರೆ ಕೇಂದ್ರದಲ್ಲಿ ಆ ವರ್ಷ ಬೇಸಿಗೆ ಮುಗಿಯುವಷ್ಟರಲ್ಲಿ ಹದಿನೇಳು ಮಂದಿ ಕೆಲಸ ಬಿಟ್ಟಿದ್ದರು. ಯಾರೂ ಜಗಳವಾಡಿ ಬಿಟ್ಟವರಲ್ಲ. ಒಬ್ಬಾಕೆ ಒಂದು ಮಧ್ಯಾಹ್ನ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟವಳು, ಹೊರಗೆ ಬಿಟ್ಟ ಚಪ್ಪಲಿಯನ್ನೂ ಮರೆತು ಬರಿಗಾಲಲ್ಲಿ ಮನೆಗೆ ನಡೆದುಹೋಗಿದ್ದಳು. ಇನ್ನೊಬ್ಬ, ಮನೆಯಲ್ಲಿ ಹೆಂಡತಿ ಊಟಕ್ಕೆ ಕರೆದರೆ, "ನಿಮ್ಮ ವಿಳಾಸ ಹೇಳ್ರಿ" ಎನ್ನತೊಡಗಿದ್ದ. ಒಬ್ಬೊಬ್ಬರಿಗೆ ದಿನಕ್ಕೆ ನೂರಾ ಇಪ್ಪತ್ತು ಕರೆ. ಬೆಂಕಿ, ಅಪಘಾತ, ಹಗ್ಗ, ಬಾವಿ. ಪ್ರತಿ ಕರೆಗೂ ಒಂದೂವರೆ ನಿಮಿಷ. ಆಂಬುಲೆನ್ಸ್ ಕಳಿಸಿದ ಮೇಲೆ ಆ ಮನುಷ್ಯ ಬದುಕಿದನೋ ಸತ್ತನೋ ಕರೆ ತೆಗೆದುಕೊಂಡವರಿಗೆ ಗೊತ್ತಾಗುತ್ತಿರಲಿಲ್ಲ. ಅಷ್ಟರಲ್ಲಿ ಮುಂದಿನ ಕೂಗು ಕಿವಿಗೆ ಬಂದಿರುತ್ತಿತ್ತು.

ಇಂದುಮತಿ ಹಂಚಿನಾಳ ಅಲ್ಲಿಯ ಆಪ್ತ ಸಮಾಲೋಚಕಿ. ಅವಳ ಪದ್ಧತಿ ಸರಳವಾಗಿತ್ತು. ಬಂದವರನ್ನು ಕೂರಿಸಿ, "ಇವತ್ತು ಯಾವ ದನಿ ಇನ್ನೂ ಕಿವಿಯೊಳಗ ಉಳದದ?" ಎಂದು ಕೇಳುತ್ತಿದ್ದಳು. ಆಮೇಲೆ ಸುಮ್ಮನಾಗುತ್ತಿದ್ದಳು. ಸಲಹೆ ಕೊಡುತ್ತಿರಲಿಲ್ಲ, ಧೈರ್ಯ ಹೇಳುತ್ತಿರಲಿಲ್ಲ. ಅವರು ಹೇಳಿ ಮುಗಿಸಿದ ಮೇಲೆ ಇನ್ನೊಂದು ಪ್ರಶ್ನೆ: "ಆ ಹೊತ್ತಿನ್ಯಾಗ ನಿಮ್ಮ ಕೈಲೆ ಆಗೂದು ಏನಿತ್ತು, ಆಗದ್ದು ಏನಿತ್ತು?" ಒಬ್ಬರಿಗೆ ಒಂದು ಗಂಟೆ ಹಿಡಿಯುತ್ತಿತ್ತು. ದಿನಕ್ಕೆ ಐದು ಮಂದಿ. ಇನ್ನೂರು ಮಂದಿಯ ಕೇಂದ್ರಕ್ಕೆ ಅದು ಎಲ್ಲಿ ಸಾಲಬೇಕು?

ಆಗ ಬಂದದ್ದು ತಲೆಪಟ್ಟಿ.

ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಅದನ್ನು ಮಾಡಿದವರು ಡಾಕ್ಟರ್ ಮುನವಳ್ಳಿ. ನಡುವಯಸ್ಸು ದಾಟಿದ, ಮೆಲುದನಿಯ, ಸಂಗೀತದ ಹುಚ್ಚಿದ್ದ ಮನುಷ್ಯ. ಮೊದಲ ದಿನ ಇಂದುಮತಿಗೆ ಅವರು ಹೇಳಿದ್ದಿಷ್ಟೇ: "ಎರಡು ತಂಬೂರಿ ಒಂದೇ ಶ್ರುತಿಗೆ ಕೂಡಿಸಿ ಇಡ್ರಿ. ಒಂದನ್ನ ಮೀಟಿದ್ರ ಇನ್ನೊಂದರ ತಂತಿ ತಾನಾಗೇ ನಡುಗ್ತದ. ಬಹಳ ದಣದವರ ಮೆದುಳು ನಿದ್ದಿಯೊಳಗೂ ಇಳಿಯೂದಿಲ್ಲ, ಶ್ರುತಿ ತಪ್ಪಿರ್ತದ. ನಾವು ಬಹಳ ಶಾಂತ ಇದ್ದ ಒಂದು ಮೆದುಳಿನ ಅಲೆ ಹಿಡಿದೀವಿ. ಅದನ್ನ ಸಣ್ಣ ಕಾಂತದ ಮಿಡಿತದಿಂದ ಇವರ ತಲಿಗೆ ಕೇಳಸ್ತೀವಿ. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ. ಅಷ್ಟ."

"ಅದು ಯಾರ ಮೆದುಳು?" ಎಂದು ಇಂದುಮತಿ ಕೇಳಿದ್ದಳು.

"ನೂರಾ ನಲವತ್ತು ಮಂದಿ ಸ್ವಯಂಸೇವಕರನ್ನ ಪರೀಕ್ಷಾ ಮಾಡಿದ್ವಿ. ಅವರೊಳಗ ಒಬ್ಬರದು. ಹೆಸರು ಹೇಳಬಾರದಂತ ನಿಯಮ ಅದ."

ಅನುಮಾನದಿಂದಲೇ ಶುರುಮಾಡಿದ ಇಂದುಮತಿ ಮೂರು ವಾರದಲ್ಲಿ ಬೆರಗಾಗಿ ಹೋದಳು. ರೇಷ್ಮಾ ನದಾಫ್ ಎಂಬ ಇಪ್ಪತ್ತೊಂಬತ್ತರ ಹುಡುಗಿ, ಗಂಡ ಬಿಟ್ಟುಹೋದ ಮೇಲೆ ಆರು ವರ್ಷದ ಮಗಳನ್ನು ಒಬ್ಬಳೇ ಸಾಕುತ್ತಿದ್ದವಳು, ಅದುವರೆಗೆ ಕೋಣೆಗೆ ಬಂದರೆ ಬರೀ ಅಳುತ್ತಿದ್ದಳು. ಮೂರನೆಯ ಸಲ ಪಟ್ಟಿ ಕಟ್ಟಿಸಿಕೊಂಡವಳು ಎದ್ದು ಕಿಟಕಿಯ ಹತ್ತಿರ ಹೋಗಿ, "ಅಕ್ಕಾರ, ಆ ಬೇವಿನ ಗಿಡ ಯಾವಾಗಿನಿಂದ ಐತ್ರೀ ಅಲ್ಲಿ?" ಎಂದು ಕೇಳಿದಳು. ಎರಡು ವರ್ಷ ಅದೇ ಕಿಟಕಿಯ ಮುಂದೆ ಕೂತಿದ್ದವಳು ಅವಳು. ಆಂಬುಲೆನ್ಸ್ ಓಡಿಸುವ ದುರಗಪ್ಪ ಎಂಟು ತಿಂಗಳಲ್ಲಿ ಮೊದಲ ಸಲ ಕುಡಿಯದೆ ಮಲಗಿದ್ದಾಗಿ ಹೇಳಿದ. ಮಳೆಗಾಲ ಕಳೆಯುವಷ್ಟರಲ್ಲಿ ನಲವತ್ತೊಂದು ಮಂದಿ ಪಟ್ಟಿಯ ಕೆಳಗೆ ಕೂತು ಎದ್ದಿದ್ದರು. ಯಾರೂ ಕೆಲಸ ಬಿಡಲಿಲ್ಲ.

ಮೊದಲು ಇಂದುಮತಿಯ ಕಣ್ಣಿಗೆ ಬಿದ್ದದ್ದು ಕೈ. ಪಟ್ಟಿ ಕಟ್ಟಿಕೊಂಡು ಹತ್ತು ನಿಮಿಷವಾದ ಮೇಲೆ ರೇಷ್ಮಾಳ ಎಡಗೈ ಮಡಿಲಿನಿಂದ ಮೆಲ್ಲಗೆ ಏಳುತ್ತಿತ್ತು. ಹೆಬ್ಬೆರಳು, ತೋರುಬೆರಳು ಕೂಡಿಕೊಂಡು, ಏನನ್ನೋ ನವುರಾಗಿ ಎಳೆಯುವ ಹಾಗೆ ಭುಜದ ತನಕ ಹೋಗಿ, ಮತ್ತೆ ಇಳಿಯುತ್ತಿತ್ತು. ಕಣ್ಣು ಮುಚ್ಚಿರುತ್ತಿತ್ತು. ಮರುದಿನ ದುರಗಪ್ಪನ ದಪ್ಪ ಕೈಯೂ ಹಾಗೇ ಎದ್ದಿತು. ಅದೇ ಎತ್ತರ, ಅದೇ ನಿಧಾನ. ಅವನಾದ ಮೇಲೆ ಬಂದ ಹುಡುಗನದೂ ಅಷ್ಟೇ.

ಆಮೇಲೆ ಅವಳು ಇನ್ನೊಂದನ್ನು ಕಂಡಳು. ಊಟದ ಕೋಣೆಯ ಉದ್ದನೆಯ ಬೆಂಚಿನ ಮೇಲೆ ಪಟ್ಟಿ ಕಟ್ಟಿಸಿಕೊಂಡವರೆಲ್ಲ ಒಬ್ಬೊಬ್ಬರ ನಡುವೆ ಒಂದೊಂದು ಮಗುವಿನಷ್ಟು ಜಾಗ ಬಿಟ್ಟು ಕೂರುತ್ತಿದ್ದರು. ಯಾವಾಗಲೂ ಎಡಕ್ಕೆ.

"ಅದೇನ್ರೀ ದುರಗಪ್ಪ, ಯಾರಿಗೆ ಜಾಗಾ ಹಿಡದೀರಿ?" ಎಂದು ಅವಳು ನಗುತ್ತ ಕೇಳಿದಾಗ ಅವನು ನಗಲಿಲ್ಲ.

"ಹಂಗ ಅನಸ್ತದ್ರೀ ಮೇಡಂ. ಯಾರೋ ಬಾಜೂಕ ಕುಂತಾರಂತ. ಹೆದರಿಕಿ ಆಗೂದಿಲ್ರೀ. ಮೈಗೆ ಮೈ ತಾಗಿಸಿ ಕೂಸು ಕುಂತಂಗ. ಬೆಚ್ಚಗ."

ಇಂದುಮತಿ ಅದೇ ದಿನ ಮುನವಳ್ಳಿಯವರಿಗೆ ಫೋನು ಮಾಡಿದಳು. ಅವರಿಗೆ ಆಶ್ಚರ್ಯವಾಗಲಿಲ್ಲ. ಕಿವಿಯ ಮೇಲ್ಭಾಗದಲ್ಲಿ ಮೆದುಳಿನ ಒಂದು ಜಾಗವಿದೆ, ತನ್ನ ಮೈ ಎಲ್ಲಿ ಮುಗಿಯಿತು ಎಂದು ಲೆಕ್ಕ ಹಾಕುವುದು ಅದರ ಕೆಲಸ, ಅದನ್ನು ಮಿಡಿತ ಮುಟ್ಟಿದರೆ ಪಕ್ಕದಲ್ಲಿ ಯಾರೋ ಇದ್ದಾರೆ ಅನ್ನಿಸುವುದುಂಟು ಎಂದರು. "ಕೈ ಎತ್ತೂದು ಮಾತ್ರ ಯಾಕಂತ ತಿಳಿದಿಲ್ಲ. ನೋಡೋಣು," ಎಂದು ಫೋನಿಟ್ಟರು.

ನವೆಂಬರಿನ ಒಂದು ಭಾನುವಾರ ಅವಳು ಹಳೇ ಹುಬ್ಬಳ್ಳಿಯಲ್ಲಿದ್ದ ರೇಷ್ಮಾಳ ಮನೆಗೆ ಹೋದಳು. ಎರಡೇ ಕೋಣೆಯ ಮನೆ. ರೇಷ್ಮಾ ಚಹಾ ಮಾಡಲು ಒಳಗೆ ಹೋದಾಗ ಮಗಳು ಸಾನಿಯಾ ಬಾಗಿಲಿಗೆ ಒರಗಿ ನಿಂತು ಇವಳನ್ನೇ ನೋಡುತ್ತಿದ್ದಳು.

"ಬಾ, ಕೂಡ್ ಬಾ. ಅಮ್ಮಿ ಈಗ ಅಳೂದಿಲ್ಲ, ಹೌದಿಲ್ಲೋ?"

"ಅಳೂದಿಲ್ಲ," ಎಂದಳು ಹುಡುಗಿ. ಸ್ವಲ್ಪ ತಡೆದು, "ಆದ್ರ ನನಗ ಆ ಕಡೆ ಕೂಡಾಕ ಕೊಡಂಗಿಲ್ಲ. ಅಲ್ಲಿ ಆಕಿ ಅದಾಳ," ಎಂದು ಮಂಚದ ಎಡತುದಿಯನ್ನು ತೋರಿಸಿದಳು.

"ಯಾರು ಆಕಿ?"

"ನನಗ ಕಾಣಂಗಿಲ್ಲ. ಅಮ್ಮಿ ಹೊದಿಕಿ ಹೊದಸ್ತಾಳ ಆಕಿಗೆ."

ಚಹಾ ತಂದ ರೇಷ್ಮಾ ಮಂಚದ ಮೇಲೆ ಕೂತಳು. ಸಾನಿಯಾ ಹಟಕ್ಕೆಂಬಂತೆ ಓಡಿಬಂದು ತಾಯಿಯ ಎಡಕ್ಕೆ ತೂರಿದಳು. ರೇಷ್ಮಾ ಸಿಟ್ಟಾಗಲಿಲ್ಲ. ನಗುಮುಖದಲ್ಲೇ, ಬಟ್ಟೆಯ ಗಂಟು ಸರಿಸುವಂತೆ ಮಗಳನ್ನು ರಟ್ಟೆ ಹಿಡಿದೆತ್ತಿ ಬಲಕ್ಕೆ ಇಟ್ಟಳು. ಇಂದುಮತಿ ಅರ್ಧ ಕುಡಿದ ಚಹಾ ಕೆಳಗಿಟ್ಟು ಎದ್ದಳು.

ಸೋಮವಾರದಿಂದ ಅವಳು ಪಟ್ಟಿ ಕಟ್ಟುವುದನ್ನೇ ನಿಲ್ಲಿಸಿದಳು. ಆದರೆ ಆಗಬಾರದ್ದು ಬುಧವಾರವೇ ಆಗಿಹೋಯಿತು.

ಕುಂದಗೋಳದ ಕಡೆಯ ಒಂದು ಹಳ್ಳಿಯಿಂದ ಎಂಟು ವರ್ಷದ ಹುಡುಗ ಕರೆ ಮಾಡಿದ್ದ. ಕರೆ ತೆಗೆದುಕೊಂಡವಳು ರೇಷ್ಮಾ. ಹನ್ನೊಂದು ನಿಮಿಷವಾದರೂ ಅವಳ ಫೋನಿನ ಕೆಂಪು ದೀಪ ಆರದ್ದನ್ನು ಕಂಡು ಮೇಲ್ವಿಚಾರಕ ಓಡಿಬಂದು ತಾನೇ ಗಾಡಿ ಕಳಿಸಿದ. ಹುಡುಗನ ತಾಯಿಗೆ ರಕ್ತದಲ್ಲಿ ಸಕ್ಕರೆ ಇಳಿದು ಎಚ್ಚರ ತಪ್ಪಿತ್ತು; ಅವಳು ಕೂದಲೆಳೆಯ ಅಂತರದಲ್ಲಿ ಬದುಕಿ ಉಳಿದಳು. ಸಂಜೆ ಕೇಂದ್ರದವರು ಇಂದುಮತಿಯನ್ನು ಕರೆಸಿ ಧ್ವನಿಮುದ್ರಣ ಕೇಳಿಸಿದರು.

"ನಮ್ಮವ್ವ ಏಳವಲ್ಲಳ್ರೀ, ಬಾಯಾಗ ನೊರಿ ಬರಾಕತ್ತೈತಿ," ಎಂದು ಹುಡುಗ ಅಳುತ್ತಿದ್ದ.

ಉತ್ತರಿಸಿದ ದನಿ ರೇಷ್ಮಾಳದೇ. ಆದರೆ ಮಾತಿನ ಎಳೆತ ಅವಳದಲ್ಲ, ಯಾವುದೋ ಹಳ್ಳಿಯ ಮುದುಕಿಯದು. "ಅಳಬ್ಯಾಡ ನೀಲಾ. ಬಾ ನನ್ನವ್ವ, ಇಲ್ಲೆ ಎಡಕ್ಕ ಕೂಡು. ಅವ್ವ ದಣದಾಳ. ಮಲಗಲಿ ಬಿಡು."

ಹುಡುಗ, ನನ್ನ ಹೆಸರು ನೀಲಾ ಅಲ್ಲ ಎನ್ನುತ್ತಿದ್ದ. ಈ ಕಡೆಯಿಂದ ಮತ್ತೆ ಮತ್ತೆ ಅದೇ ಮಾತು, ಜೋಗುಳದ ಲಯದಲ್ಲಿ. ಅವ್ವ ದಣದಾಳ. ಮಲಗಲಿ ಬಿಡು.

ರೇಷ್ಮಾಳಿಗೆ ಅದನ್ನು ಕೇಳಿಸಿದಾಗ ಅವಳು ಬಿಳಿಚಿಕೊಂಡಳು. "ನಾ ಗಾಡಿ ಕಳಿಸೀನಿ ಅಂತ ತಿಳಕೊಂಡಿದ್ದೆ ಅಕ್ಕಾರ, ಅಲ್ಲಾನ ಆಣಿ," ಎಂದಳು. "ನೀಲಾ ಯಾರ್ರೀ?"

ಅವಳನ್ನು ಕೆಲಸದಿಂದ ತೆಗೆಯುವ ಮಾತು ನಡೆದಿತ್ತು. ಇಂದುಮತಿ ಒಂದು ವಾರದ ಗಡುವು ಕೇಳಿಕೊಂಡು ಧಾರವಾಡಕ್ಕೆ ಹೋದಳು. ಮುದ್ರಣ ಕೇಳಿದ ಮುನವಳ್ಳಿ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ ನಿಯಮ ಮುರಿದು ಕಪಾಟಿನಿಂದ ಒಂದು ಕಡತ ತೆಗೆದರು. ಕಾಶವ್ವ ಗಾಣಿಗೇರ, ವಯಸ್ಸು ಎಪ್ಪತ್ತೊಂದು, ಊರು ಅಣ್ಣಿಗೇರಿ. ತೂಕ, ರಕ್ತದೊತ್ತಡ, ನಿದ್ರೆಯ ಗಂಟೆಗಳು, ಎಲ್ಲವೂ ಇದ್ದವು.

"ಅವರ ಮನಸ್ಸಿನ್ಯಾಗ ಏನಿತ್ತು ಅಂತ ಯಾರೂ ಕೇಳಲಿಲ್ಲೇನ್ರೀ ಡಾಕ್ಟರ್?"

"ಅರ್ಜಿಯೊಳಗ ಆ ಕಲಂ ಇರಲಿಲ್ಲ," ಎಂದರು ಮುನವಳ್ಳಿ ತಲೆತಗ್ಗಿಸಿ.

ಅಣ್ಣಿಗೇರಿಯಲ್ಲಿ ಕಾಶವ್ವನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ನಲವತ್ತೈದು ವರ್ಷ ಖಾದಿ ಕೇಂದ್ರಕ್ಕೆ ನೂಲು ತೆಗೆದವಳು, ಊರಿಗೆಲ್ಲ ಗೊತ್ತು. ಆದರೆ ಬಾಗಿಲು ತೆಗೆದವಳನ್ನು ನೋಡಿ, ನೂರಾ ನಲವತ್ತು ಮಂದಿಯಲ್ಲೇ ಬಹಳ ಶಾಂತಳಾಗಿದ್ದವಳು ಇವಳೇ ಎಂದು ಇಂದುಮತಿಗೆ ನಂಬಲಾಗಲಿಲ್ಲ. ಕಣ್ಣುಗಳು ಒಳಗೆ ಸೇರಿದ್ದವು. ಕೇಂದ್ರದಲ್ಲಿ ಕೆಲಸ ಬಿಟ್ಟ ಹದಿನೇಳು ಮಂದಿಯ ಮುಖದಲ್ಲಿ ಏನಿತ್ತೋ ಅದೇ ಈ ಮುಖದಲ್ಲೂ ಇತ್ತು.

ಮೂಲೆಯಲ್ಲಿ ರಾಟಿ ಇತ್ತು, ಧೂಳು ಹಿಡಿದು. "ನೂಲೂದು ಬಿಟ್ರ್ಯಾ ಅಜ್ಜಿ?"

"ಕೈ ಏಳವಲ್ಲದು ತಂಗಿ," ಎಂದಳು ಕಾಶವ್ವ. ತೋರಿಸುವುದಕ್ಕೆಂದು ಬಲಗೈಯಿಂದ ಗಾಲಿ ತಿರುಗಿಸಿ, ಎಡಗೈಯ ಎರಡು ಬೆರಳು ಕೂಡಿಸಿ, ಇಲ್ಲದ ಎಳೆಯನ್ನು ಭುಜದ ತನಕ ಎಳೆದಳು. ಅದೇ ಎತ್ತರ, ಅದೇ ನಿಧಾನ.

"ನೀಲಾ ಯಾರು ಅಜ್ಜಿ?"

ಮುದುಕಿಯ ಕೈ ಅಲ್ಲೇ ನಿಂತಿತು. ಯಾರು ಹೇಳಿದರು ಎಂದು ಅವಳು ಕೇಳಲಿಲ್ಲ. ಯಾರಾದರೂ ಕೇಳಲಿ ಎಂದು ಕಾದಿದ್ದವಳ ಹಾಗೆ ಹೇಳತೊಡಗಿದಳು. ನೀಲವ್ವ ಅವಳ ಮಗಳು, ಏಳು ವರ್ಷದವಳು. ತಾಯಿ ನೂಲುವಾಗ ಎಡಕ್ಕೆ ಒತ್ತಿಕೊಂಡು ಕೂತು ನೂಲಲು ಸುತ್ತಿಟ್ಟ ಹತ್ತಿಯ ಹಂಜಿ ಒಂದೊಂದಾಗಿ ಕೊಡುತ್ತಿದ್ದಳು. ಒಂದು ಸುಗ್ಗಿಯ ಕಾಲಕ್ಕೆ ಹುಡುಗಿಗೆ ಜ್ವರ ಬಂತು. ಕಾಶವ್ವ ಮೂರು ದಿನ ಕಣ್ಣು ಮುಚ್ಚದೆ ಹಗಲೆಲ್ಲ ನೂತು, ಮಗಳನ್ನೂ ನೋಡಿಕೊಂಡಳು. ನಾಲ್ಕನೆಯ ದಿನ ಮಧ್ಯಾಹ್ನ ಗೋಡೆಗೆ ಒರಗಿದವಳಿಗೆ ಹತ್ತಿದ್ದು ಎಂಥ ನಿದ್ದೆಯೋ. ಎಚ್ಚರವಾದಾಗ ನೀರಿನ ತಂಬಿಗೆ ಉರುಳಿತ್ತು. ಕೂಸು ತಣ್ಣಗಾಗಿತ್ತು.

"ಆಕಿ ನನ್ನ ಕರದ್ಲೋ, ಇಲ್ಲೋ? ನಾ ಏಳಲಿಲ್ಲೋ? ಇದೊಂದು ತಿಳೀಲಿಲ್ಲ ತಂಗಿ. ನಲವತ್ತೊಂದು ವರ್ಷಾತು." ಕಾಶವ್ವ ಸೆರಗಿನ ತುದಿ ತಿರುವುತ್ತಿದ್ದಳು. "ಆದ್ರ ಆಕಿ ದಿನಕರ್ಮ ಮುಗಿಯೂದ್ರೊಳಗ ತಿರುಗಿ ಬಂದ್ಲು. ಕಾಣಲಿಲ್ಲ. ಬಂದು ಎಡಕ್ಕ ಕುಂತ್ಲು. ಅವತ್ತಿನಿಂದ ದಿನಾ. ಅದರ ಮ್ಯಾಲೆ ಬಾಳೇ ಮಾಡಿದೆ."

"ಈಗ?"

"ಆ ಡಾಕ್ಟರ ಕಡೆ ತಲಿಗೆ ವಾಯರು ಕಟ್ಟಿಸ್ಕೊಂಡು ಬಂದೆ ನೋಡು, ಆಮ್ಯಾಲೆ ಒಂದ ತಿಂಗಳಿಗೆ ಬರೂದು ಬಿಟ್ಲು. ಏನ್ ಸಿಟ್ಟಾತೋ. ಎಲ್ಲಿ ಹೋದ್ಲೋ."

ಇಂದುಮತಿ ಕಡತದಲ್ಲಿದ್ದ ತಾರೀಖಿನಿಂದ ಮನಸ್ಸಿನಲ್ಲೇ ಎಣಿಸಿದಳು. ಒಂದು ತಿಂಗಳು. ಹುಬ್ಬಳ್ಳಿಯಲ್ಲಿ ಮೊದಲ ತಲೆಗೆ ಪಟ್ಟಿ ಕಟ್ಟಿದ್ದು ಆಗಲೇ.

ಹಿಂತಿರುಗಿ ಬಂದು ಮುನವಳ್ಳಿಯವರಿಗೆ ಹೇಳಿದಾಗ ಅವರು ಕುರ್ಚಿಯಿಂದ ಎದ್ದು ನಿಂತರು. "ಸಾಧ್ಯ ಇಲ್ಲ. ನಕಲು ಮಾಡಿದ್ರ ಮೂಲ ಅಳಿಸಿ ಹೋಗೂದಿಲ್ಲ. ತಂಬೂರಿ ನಾದ ಮುದ್ರಣ ಮಾಡ್ಕೊಂಡ್ರ ತಂಬೂರಿ ಮೂಕ ಆಗ್ತದೇನು? ವಯಸ್ಸಾಗೇದ, ಮೆದುಳು ಸವದದ, ಅಷ್ಟ." ಹೇಳಿದ್ದನ್ನು ಅವರೇ ನಂಬಿದಂತೆ ಕಾಣಲಿಲ್ಲ.

ಮಾರನೆಯ ದಿನ ಇಂದುಮತಿ ರೇಷ್ಮಾಳಿಗೆ ಎಲ್ಲವನ್ನೂ ಹೇಳಿದಳು. ಹೇಳದೆ ಇರಬಹುದಿತ್ತು. ಆದರೆ ಒಬ್ಬರ ಮೈಯೊಳಗೆ ಇನ್ನೊಬ್ಬರ ದುಃಖವನ್ನು ತಿಳಿಸದೆ ಇಟ್ಟದ್ದು ತಾನೇ ಎಂಬ ಭಾರ ಅವಳಿಗೆ ತಡೆಯಲಾಗಲಿಲ್ಲ. ರೇಷ್ಮಾ ತನ್ನ ಎಡಮಗ್ಗುಲನ್ನೊಮ್ಮೆ ನೋಡಿ, "ನನ್ನ ಆ ಅಜ್ಜಿ ಕಡೆ ಕರಕೊಂಡು ಹೋಗ್ರಿ," ಎಂದಳು.

ಅಣ್ಣಿಗೇರಿಯ ಆ ಪುಟ್ಟ ಪಡಸಾಲೆಯಲ್ಲಿ ಇಬ್ಬರೂ ಎದುರುಬದುರು ಕೂತರು. ಕಾಶವ್ವ ರೇಷ್ಮಾಳ ಮುಖ ನೋಡಲಿಲ್ಲ. ಅವಳ ಎಡಕ್ಕೆ, ಚಾಪೆಯ ಖಾಲಿ ಜಾಗವನ್ನು ನೋಡಿದಳು.

"ಅದಾಳೇನು?"

"ಅದಾಳ್ರೀ."

"ನೀರು ಕೇಳ್ತಾಳೇನು?"

"ಇಲ್ರೀ ಅಜ್ಜಿ. ಏನೂ ಕೇಳೂದಿಲ್ಲ." ರೇಷ್ಮಾ ತಡೆದು ತಡೆದು ಹೇಳಿದಳು. "ಒಂದ ಮಾತು ಅಂತಿರ್ತಾಳ. ಕಿವಿಗೆ ಕೇಳೂದಿಲ್ಲ, ಎದಿಯಾಗ ತಿಳೀತದ. ಅವ್ವ ದಣದಾಳ, ಮಲಗಲಿ ಬಿಡು, ಅಂತಾಳ್ರೀ."

ಕಾಶವ್ವನ ಅಳುವಿಗೆ ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು. ಅವಳಿಗೆ ಈಗ ತಿಳಿಯಿತು: ನೀಲಾ ಕರೆದಿರಲಿಲ್ಲ. ಬಾಯಾರಿದ್ದಳು, ತಾನೇ ತಂಬಿಗೆಗೆ ಕೈಚಾಚಿದ್ದಳು, ದಣಿದ ತಾಯಿಯನ್ನು ಎಬ್ಬಿಸಿರಲಿಲ್ಲ. ಆ ಮಾತು ಕಾಶವ್ವನ ಮೆದುಳೇ ಕಟ್ಟಿಕೊಂಡ ಸಮಾಧಾನವಿರಬಹುದು ಎಂದು ಮುನವಳ್ಳಿ ಆಮೇಲೆ ಹೇಳಿದರು. ಇಂದುಮತಿ ಅದನ್ನು ಅಣ್ಣಿಗೇರಿಗೆ ಒಯ್ಯಲಿಲ್ಲ.

ಅಳು ನಿಂತ ಮೇಲೆ ಕಾಶವ್ವ ಕೇಳಿದಳು, "ನಿನ್ನಂಥವರು ಎಷ್ಟು ಮಂದಿ ಅದಾರವ್ವ?"

"ನಲವತ್ತೊಂದು," ಎಂದಳು ಇಂದುಮತಿ. ನೀಲಾಳನ್ನು ತಿರುಗಿ ತಂದುಕೊಡುವ ಮಾತನ್ನೂ ಆಡಿದಳು. ಅದೇ ಅಲೆಯನ್ನು ಕಾಶವ್ವನ ತಲೆಗೇ ಕೇಳಿಸಿ ನೋಡಬಹುದು ಎಂದು ಮುನವಳ್ಳಿ ಹೇಳಿದ್ದರು.

ಮುದುಕಿ ಕೈ ಅಡ್ಡ ಹಿಡಿದಳು. "ಬ್ಯಾಡ. ನಲವತ್ತೊಂದು ವರ್ಷ ನನ್ನ ಕಡೆ ಕುಂತಾಳ. ಈಗ ನಲವತ್ತೊಂದು ಮಂದಿ ಕಡೆ ಕುಂತಾಳ. ಏಳು ವರ್ಷದ ಕೂಸು ತಂಗಿ ಅದು. ಎಷ್ಟಂತ ಕೂಡಬೇಕು? ಅದಕ್ಕ ದಣಿವಾಗೂದಿಲ್ಲೇನು? ಬಿಡ್ರಿ ಅದನ್ನ. ಎಲ್ಲಾರೂ ಬಿಡ್ರಿ."

ಇಂದುಮತಿ ನಲವತ್ತೊಂದು ಮಂದಿಯನ್ನೂ ಒಬ್ಬೊಬ್ಬರಾಗಿ ಕರೆದು ಹೇಳಿದಳು. ಹೆಚ್ಚಿನವರು ಸುಮ್ಮನೆ ಕೇಳಿ ಒಪ್ಪಿದರು. ಒಪ್ಪದವನು ದುರಗಪ್ಪ. "ನನ್ನ ಬಾಟಲಿಯಿಂದ ಬಿಡಿಸಿದಾಕಿ ಆಕಿ, ನೀವಲ್ಲ," ಎಂದು ಮೇಜು ಗುದ್ದಿದ. "ಆಕಿ ಹೋದ್ರ ನನಗ್ಯಾರು ಮೇಡಂ?" ಗೊತ್ತಿಲ್ಲ ಎಂದಳು ಇಂದುಮತಿ. ಅವನು ಮೂರು ದಿನ ಕೆಲಸಕ್ಕೆ ಬರಲಿಲ್ಲ. ನಾಲ್ಕನೆಯ ದಿನ ಬಾಗಿಲಲ್ಲಿ ನಿಂತು, "ನನ್ನ ಮಗಳಿಗೂ ಏಳ ವರ್ಷ. ಅಳಿಸಿ ಬಿಡ್ರಿ," ಎಂದಷ್ಟೇ ಹೇಳಿ ಹೋದ.

ಮುನವಳ್ಳಿ ಧಾರವಾಡದಲ್ಲಿ ಆ ಅಲೆಯ ಮೂಲವನ್ನೂ ನಕಲುಗಳನ್ನೂ ಅಳಿಸುವುದೆಂದು ಆಯಿತು. ಯಾವ ದಿನ, ಯಾವ ಹೊತ್ತು ಎಂದು ಅವರು ಯಾರಿಗೂ ಹೇಳಲಿಲ್ಲ. ಹೇಳಿದರೆ ಮನಸ್ಸು ಆಟ ಹೂಡುತ್ತದೆ ಎಂದು ಅವರ ಎಣಿಕೆ. ಪಟ್ಟಿ ಬಿಚ್ಚಿ ಕೆಲವು ವಾರವಾಗಿರುವ ತಲೆಗಳಿಗೂ ಧಾರವಾಡದ ಯಂತ್ರಕ್ಕೂ ಸಂಬಂಧವೇ ಇಲ್ಲ, ಅನುಭವ ತಾನಾಗಿ ಒಂದೆರಡು ತಿಂಗಳಲ್ಲಿ ಮಾಸುತ್ತದೆ ಎಂದಿದ್ದರು.

ಒಂದು ಶುಕ್ರವಾರ ಮಧ್ಯಾಹ್ನ ಇಂದುಮತಿ ಕೇಂದ್ರದ ದೊಡ್ಡ ಹಜಾರದಲ್ಲಿದ್ದಳು. ಅರವತ್ತು ಮೇಜುಗಳು, ಅರವತ್ತು ದನಿಗಳು. ಕೆಲಸ ಉಳಿಸಿಕೊಂಡಿದ್ದ ರೇಷ್ಮಾ ಮೂರನೆಯ ಸಾಲಿನಲ್ಲಿ ಒಂದು ಕರೆಗೆ ವಿಳಾಸ ಬರೆದುಕೊಳ್ಳುತ್ತಿದ್ದಳು. ಮಾತಿನ ನಡುವೆ ಅವಳು ತಲೆಯೆತ್ತಿ ಎಡಕ್ಕೆ ನೋಡಿದಳು. ಅವಳ ಹಿಂದಿನ ಸಾಲಿನ ಹುಡುಗನೂ ನೋಡಿದ. ಅದರಾಚೆ ಇನ್ನೊಬ್ಬಳು. ಹಜಾರದ ಉದ್ದಕ್ಕೂ ಅಲ್ಲೊಂದು ಇಲ್ಲೊಂದು, ಪಟ್ಟಿ ಕಟ್ಟಿಸಿಕೊಂಡಿದ್ದ ಹದಿನಾಲ್ಕು ತಲೆಗಳು ಒಟ್ಟಿಗೆ ಎಡಕ್ಕೆ ತಿರುಗಿದವು.

ಆಮೇಲೆ ಅವರ ನೋಟಗಳು ಎಡಮಗ್ಗುಲು ಬಿಟ್ಟು ಚಲಿಸತೊಡಗಿದವು. ಮೇಜುಗಳ ನಡುವಿನ ದಾರಿಯಲ್ಲಿ, ನೆಲದಿಂದ ಮೂರೂವರೆ ಅಡಿ ಎತ್ತರದಲ್ಲಿ, ಸಣ್ಣ ಹೆಜ್ಜೆಯ ವೇಗದಲ್ಲಿ ಎಲ್ಲರ ಕಣ್ಣೂ ಒಂದನ್ನೇ ಹಿಂಬಾಲಿಸಿದವು. ಇಂದುಮತಿಯ ಮುಂದಿನಿಂದಲೇ ಆ ನೋಟ ಹಾದುಹೋಯಿತು. ಅವಳಿಗೆ ಏನೂ ಕಾಣಲಿಲ್ಲ. ಅರಿಯದೆ ದಾರಿ ಬಿಟ್ಟು ಹಿಂದೆ ಸರಿದಳು. ನೋಟಗಳು ಬಾಗಿಲ ತನಕ ಹೋಗಿ ಅಲ್ಲಿ ನಿಂತವು. ಬಾಗಿಲು ತೆರೆಯಲೂ ಇಲ್ಲ, ಅಲುಗಲೂ ಇಲ್ಲ. ಹದಿನಾಲ್ಕು ಮಂದಿಯೂ ಒಮ್ಮೆಲೇ ಉಸಿರು ಬಿಟ್ಟರು. ರೇಷ್ಮಾ, "ಗಾಡಿ ಹೊಂಟೈತ್ರೀ, ಫೋನ್ ಇಡಬ್ಯಾಡ್ರಿ," ಎಂದು ಕರೆ ಮುಂದುವರಿಸಿದಳು. ಕಣ್ಣಲ್ಲಿ ನೀರಿಳಿಯುತ್ತಿತ್ತು.

ಗೋಡೆಯ ಗಡಿಯಾರದಲ್ಲಿ ಮೂರೂ ಇಪ್ಪತ್ತು. ಇಂದುಮತಿ ಹೊರಗೆ ಬಂದು ಧಾರವಾಡಕ್ಕೆ ಫೋನು ಮಾಡಿದಳು.

"ಈಗ ಅಳಿಸಿದೆ," ಎಂದರು ಮುನವಳ್ಳಿ. "ಎರಡು ನಿಮಿಷ ಆತು. ಯಾಕ?"

ಅವಳು ಕಂಡದ್ದನ್ನು ಹೇಳಿದಳು. ಮುನವಳ್ಳಿ, "ಅವತ್ತ ಕಾಶವ್ವನ್ನ ಆ ಕೂಸಿನ ಹೆಸರು ಕೇಳಬೇಕಿತ್ತು ನಾನು," ಎಂದರು.

ದಣಿವು ತಿರುಗಿ ಬಂತು. ಡಿಸೆಂಬರಿನಲ್ಲಿ ನಾಲ್ವರು ಕೆಲಸ ಬಿಟ್ಟರು. ರೇಷ್ಮಾ ಮತ್ತೆ ಅಳತೊಡಗಿದಳು, ಆದರೆ ಈಗ ಸಾನಿಯಾ ಯಾವ ಕಡೆ ಬೇಕಾದರೂ ಕೂರುತ್ತಾಳೆ, ಕೂತು ತಾಯಿಯ ಕಣ್ಣು ಒರೆಸುತ್ತಾಳೆ ಎಂದು ಹೇಳುತ್ತಿದ್ದಳು. ದುರಗಪ್ಪ ಎರಡು ಸಲ ಕುಡಿದ, ಎರಡು ಸಲವೂ ಬಂದು ಹೇಳಿದ. ಇಂದುಮತಿ ಮೇಲಿನವರೊಡನೆ ಕಿತ್ತಾಡಿ ಕೆಟ್ಟ ಕರೆಯ ಬೆನ್ನಿಗೆ ಇಪ್ಪತ್ತು ನಿಮಿಷ ಬಿಡುವು ಕೊಡಿಸಿದಳು. ಕಳಿಸಿದ ಗಾಡಿಯ ಗತಿ ಏನಾಯಿತೆಂದು ಕರೆ ತೆಗೆದುಕೊಂಡವರಿಗೆ ಅದೇ ದಿನ ತಿಳಿಸುವ ಏರ್ಪಾಡು ಮಾಡಿಸಿದಳು. ಮತ್ತೆ ಒಬ್ಬರಿಗೆ ಒಂದು ಗಂಟೆ. ಐವರ ಬದಲು ಏಳು ಮಂದಿಯನ್ನು ನೋಡತೊಡಗಿದಳು.

ಜನವರಿಯಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ಅಣ್ಣಿಗೇರಿಗೆ ಹೋದಳು. ಕಾಶವ್ವ ಅಂಗಳದ ಬಿಸಿಲಿನಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮುಖದಲ್ಲಿ ಕಳೆ ಬಂದಿತ್ತು.

"ತಿರುಗಿ ಬಂದ್ಲೇನು ಅಜ್ಜಿ?"

"ಇಲ್ಲವ್ವ. ಬರಲಿಲ್ಲ, ಬರೂದೂ ಇಲ್ಲ." ಕಾಶವ್ವ ಮೊರ ಕೊಡವಿ ಕೆಳಗಿಟ್ಟಳು. "ಆದ್ರ ನಿದ್ದಿ ಬರ್ತದ. ಒಬ್ಬಾಕೀನ ಮಲಗ್ತೀನಿ, ಒಬ್ಬಾಕೀನ ಏಳ್ತೀನಿ." ಆಮೇಲೆ ಇವಳನ್ನು ದಿಟ್ಟಿಸಿ ನೋಡಿದಳು. "ನಿನಗೇನಾಗೇದ ತಂಗಿ? ಮಾರಿ ಹಿಂಗ್ಯಾಕ ಬಾಡೇದ?"

"ಏನಿಲ್ಲ ಅಜ್ಜಿ. ಕೆಲಸ ಜಾಸ್ತಿ."

"ಕೆಲಸ ನಾನೂ ಮಾಡೀನಿ," ಎಂದಳು ಮುದುಕಿ. ಚಾಪೆ ಸರಿಸಿ, ಕೂಡು ಎಂಬಂತೆ ಅಂಗೈಯಿಂದ ತಟ್ಟಿದಳು. "ಹೇಳು."

ಇಂದುಮತಿ ಕೂತಳು. ಹನ್ನೆರಡು ವರ್ಷದಿಂದ ಅವಳು ಕೇಳಿಸಿಕೊಂಡವಳು. ಬಾವಿಗೆ ಬಿದ್ದ ಕೂಸುಗಳ, ಬೆಂಕಿ ಹತ್ತಿದ ಸೀರೆಗಳ, ಉತ್ತರ ಸಿಗದ ಕೂಗುಗಳ ಕಥೆಯನ್ನೆಲ್ಲ ಎರಡನೆಯ ಕಿವಿಯಾಗಿ ತುಂಬಿಕೊಂಡವಳು. ಅವನ್ನು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. "ಒಬ್ಬ ಹುಡುಗಿ ಇದ್ಲು ಅಜ್ಜಿ," ಎಂದು ಶುರುಮಾಡಿದಳು, "ಒಂದ ದಿನ ಹೆಡ್‌ಫೋನ್ ಮೇಜಿನ ಮ್ಯಾಲೆ ಇಟ್ಟು ಬರಿಗಾಲಿಲೆ ಮನಿಗೆ ಹೋಗಿಬಿಟ್ಲು. ಆಕಿ ಹಿಂದಿನ ದಿನ ನನ್ನ ಕಡೆ ಬಂದಿದ್ಲು. ನಾಳೆ ಬಾ ಅಂತ ಕಳಿಸಿದ್ದೆ..." ಅಷ್ಟಕ್ಕೇ ಅಳತೊಡಗಿದಳು.

ಕಾಶವ್ವ ಸಮಾಧಾನ ಹೇಳಲಿಲ್ಲ. ಕಣ್ಣು ಕಿರಿದು ಮಾಡಿ, ಪೂರ್ತಿ ಕೇಳುವವಳ ಹಾಗೆ ಕಾದಳು. ಹುಬ್ಬಳ್ಳಿಯ ಬಸ್ಸು ಓಣಿಯ ತುದಿಯಲ್ಲಿ ಬಂದು ನಿಂತು ಹಾರನ್ನು ಹೊಡೆಯಿತು. ಇಂದುಮತಿ ಏಳಲಿಲ್ಲ. ಬಸ್ಸು ಹೊರಟುಹೋಯಿತು. ಅವಳು ಮೂಗು ಒರೆಸಿಕೊಂಡು ಮತ್ತೆ ಮೊದಲಿನಿಂದ ಹೇಳತೊಡಗಿದಳು.